ಗೂಟದ ಲೂಮಿನಲ್ಲಿ ಶಾಲು, ಸ್ಕಾರ್ಫ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಕಾಸರಗೋಡಿನ ಬದಿಯಡ್ಕ ಕಡೆ. ಶನಿವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಜಗಲಿಯಲ್ಲಿ ನಾಲ್ಕೈದು ಜನ ಕೂತು ಹೆಣೆಯುತ್ತೇವೆ. ಹೊಸದಾಗಿ ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. ಹೇಳಿ ಹೇಳಿ ನನಗೂ ಬಾಯಿಪಾಠ ಆಗಿದೆ. ಅದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಕಾಸರಗೋಡಿನ ಸೆಕೆಯಲ್ಲಿ ಶಾಲು ಯಾರಿಗೆ ಬೇಕು?

ಮೊದಲು ಇದನ್ನು ಕೇಳಿದವರು ನಮ್ಮ ಅತ್ತೆ. ಏಪ್ರಿಲ್ ತಿಂಗಳಲ್ಲಿ ಉಲ್ಲನ್ ಉಂಡೆ ತೊಡೆ ಮೇಲಿಟ್ಟುಕೊಂಡು ಕೂತವಳನ್ನು ನೋಡಿದರೆ ಯಾರಾದರೂ ಕೇಳುತ್ತಾರೆ, ಅಲ್ವಾ?

ಆದರೆ ಧನುರ್ಮಾಸದಲ್ಲಿ ಗದ್ದೆಯಲ್ಲಿ ರಾತ್ರಿಯಿಡೀ ಯಕ್ಷಗಾನ ಆಟ ನೋಡಿ. ಎರಡು ಗಂಟೆಯ ಮೇಲೆ ಇಬ್ಬನಿ ಬೀಳುವಾಗ ತಲೆಗೆ ಸುತ್ತಿದ ಬೈರಾಸು ಸಾಕಾಗುವುದಿಲ್ಲ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ, ಘಟ್ಟ ಹತ್ತುವಾಗ ಗೊತ್ತಾಗುತ್ತದೆ. ರೈಲಿನ ಎಸಿ ಬೋಗಿಯಂತೂ ಕೇಳುವುದೇ ಬೇಡ. ಗಲ್ಫಿನಲ್ಲಿ ಆಫೀಸು ಕೆಲಸ ಮಾಡುವ ಮಕ್ಕಳು, ಹೊರಗೆ ಬೆಂಕಿ, ಒಳಗೆ ಐಸು ಎನ್ನುತ್ತಾರೆ. ಈಗ ಅತ್ತೆ ಆಟಕ್ಕೆ ಹೊರಡುವ ಮೊದಲು ಟಾರ್ಚ್ ಹುಡುಕುವುದಿಲ್ಲ, ನಾನು ಹೆಣೆದ ಹಸಿರು ಶಾಲು ಹುಡುಕುತ್ತಾರೆ.

ಒಂದು ಮಾತು ನಿಜ. ಶಿಮ್ಲಾದವರಿಗೆ ಬೇಕಾದಂಥ ದಪ್ಪ ಶಾಲು ನಮಗೆ ಬೇಡ. ನಮಗೆ ಬೇಕಾದದ್ದು ಗಾಳಿಯಾಡುವ, ಹಗುರವಾದ, ಮಡಚಿದರೆ ಕೈಚೀಲದಲ್ಲಿ ಹಿಡಿಯುವಂಥದ್ದು. ಕೆಳಗಿನ ಉತ್ತರಗಳನ್ನೆಲ್ಲ ಅದೇ ಲೆಕ್ಕದಲ್ಲಿ ಓದಿಕೊಳ್ಳಿ.

ಲೂಮ್ ಅಂದರೆ ಮಗ್ಗವೇ?

ಹೆಸರು ಒಂದೇ, ಕೆಲಸ ಬೇರೆ. ಮಗ್ಗದಲ್ಲಿ ಹಾಸು ಮತ್ತು ಹೊಕ್ಕು ಎಂದು ಎರಡು ನೂಲು ಅಡ್ಡಡ್ಡ ದಾಟುತ್ತವೆ. ನಮ್ಮ ಕಾಸರಗೋಡು ಸೀರೆ ಆಗುವುದು ಹಾಗೆ. ಬಾಸೆಲ್ ಮಿಷನ್‌ನವರು 19ನೇ ಶತಮಾನದಲ್ಲಿ ಮಂಗಳೂರು, ಕಣ್ಣೂರುಗಳಲ್ಲಿ ನಡೆಸಿದ ಕಾರ್ಖಾನೆಗಳಲ್ಲಿ ಆಗುತ್ತಿದ್ದದ್ದೂ ನೇಯ್ಗೆಯೇ. ಲೂಮ್ ನಿಟ್ಟಿಂಗ್‌ನಲ್ಲಿ ಇರುವುದು ಒಂದೇ ನೂಲು. ಅದನ್ನು ಸಾಲಾಗಿ ನಿಂತ ಗೂಟಗಳಿಗೆ ಸುತ್ತಿ, ಹಳೆಯ ಕುಣಿಕೆಯನ್ನು ಹೊಸದರ ಮೇಲಿಂದ ದಾಟಿಸುತ್ತೇವೆ. ಕುಣಿಕೆಯೊಳಗೆ ಕುಣಿಕೆ. ಸ್ವೆಟರ್ ಹೆಣಿಗೆಯೇ ಇದು. ಎರಡು ಕಡ್ಡಿಯ ಬದಲು ಗೂಟದ ಚೌಕಟ್ಟು, ಅಷ್ಟೇ.

ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಅದರಲ್ಲೂ ಪ್ರತಿ ಕುಣಿಕೆಗೆ ಒಂದೊಂದು ಕೊಕ್ಕೆ. ಬಳೆಯ ಆಕಾರದ ನಮ್ಮ ಪ್ಲಾಸ್ಟಿಕ್ ಲೂಮನ್ನು ಅದರ ಬಡ ನೆಂಟ ಎನ್ನಬಹುದು.

ನನಗೆ ಕಡ್ಡಿಯೂ ಬರುವುದಿಲ್ಲ, ಕ್ರೋಶಾವೂ ಬರುವುದಿಲ್ಲ. ಆದೀತಾ?

ಆದೀತು. ಮಲ್ಲಿಗೆ ಕಟ್ಟಲು ಬರುತ್ತದಾ? ಹಾಗಾದರೆ ಅರ್ಧ ಗಂಟೆ ಸಾಕು. ಬೆರಳು ನೋವಿರುವ ಹಿರಿಯರಿಗೂ ಕಡ್ಡಿಗಿಂತ ಇದು ಹಗುರ, ಆದರೆ ನೂಲು ಬಿಗಿಯಾಗಿ ಸುತ್ತಬಾರದು.

ಯಾವ ಲೂಮ್ ತಗೊಳ್ಳಲಿ? ದುಂಡಗಿನದೋ ಉದ್ದದ್ದೋ?

ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ನಾಲ್ಕು ಪ್ಲಾಸ್ಟಿಕ್ ಬಳೆಗಳ ಸೆಟ್. ಚಿಕ್ಕದರಲ್ಲಿ 24 ಗೂಟ, ದೊಡ್ಡದರಲ್ಲಿ 40ರ ಆಸುಪಾಸು. ಜೊತೆಗೆ ಒಂದು ಕೊಕ್ಕೆ, ಒಂದು ದಪ್ಪ ಸೂಜಿ ಇರುತ್ತದೆ. ದುಂಡು ಲೂಮಿನಲ್ಲಿ ಟೊಪ್ಪಿ ಮಾತ್ರ ಆಗುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಸುತ್ತು ಪೂರ್ತಿ ಮಾಡದೆ ಕೊನೆಯ ಗೂಟದಿಂದ ತಿರುಗಿ ವಾಪಸ್ ಬಂದರೆ ಚಪ್ಪಟೆ ಬಟ್ಟೆಯೇ ಆಗುತ್ತದೆ. ಸ್ಕಾರ್ಫು, ಶಾಲು ಎರಡನ್ನೂ ನಾನು ಮಾಡುವುದು ಹಾಗೆಯೇ.

ಉದ್ದ ಲೂಮಿನಲ್ಲಿ ಎದುರುಬದುರು ಎರಡು ಸಾಲು ಗೂಟ ಇರುತ್ತವೆ. ನೂಲನ್ನು ಈ ಕಡೆಯಿಂದ ಆ ಕಡೆಗೆ ಎಂಟರ ಆಕಾರದಲ್ಲಿ ಸುತ್ತಿದರೆ ಎರಡು ಮುಖವೂ ಚೆಂದ ಕಾಣುವ ದಪ್ಪ ಬಟ್ಟೆ ಬರುತ್ತದೆ. ಅಂಚು ಸುರುಳಿ ಸುತ್ತುವುದಿಲ್ಲ. ಕೆನಡಾದಲ್ಲಿರುವ ಮಗನಿಗೆ ಕಳಿಸಲು ಅದು ಒಳ್ಳೆಯದು. ಇಲ್ಲಿ ಹೊದ್ದರೆ ಬೆವರು ಇಳಿಯುತ್ತದೆ.

ಗೂಟಗಳ ಸಂಖ್ಯೆಗಿಂತ ಅವುಗಳ ನಡುವಿನ ದೂರ ಮುಖ್ಯ. ಒಂದು ಗೂಟದ ನಡುವಿನಿಂದ ಪಕ್ಕದ ಗೂಟದ ನಡುವಿಗೆ ಅಳೆಯಿರಿ. ಸುಮಾರು 2 ಸೆಂಟಿಮೀಟರ್ ಇದ್ದರೆ ದಪ್ಪ ನೂಲಿನ ಲೂಮ್. 1 ಸೆಂಟಿಮೀಟರ್ ಇದ್ದರೆ ಸಣ್ಣ ನೂಲಿನದು, ಅದರಲ್ಲಿ ಬಟ್ಟೆ ನಯವಾಗಿ ಬರುತ್ತದೆ, ಕೆಲಸ ಜಾಸ್ತಿ. ಕಲಿಯಲು ದೊಡ್ಡ ಅಂತರದ್ದೇ ಇರಲಿ. ತಪ್ಪಾದರೆ ಕಣ್ಣಿಗೆ ಕಾಣುತ್ತದೆ.

ಲೂಮನ್ನು ಮನೆಯಲ್ಲೇ ಮಾಡಿಕೊಳ್ಳಬಹುದಾ?

ಮಾಡಬಹುದು. ತೇಗ ಅಥವಾ ಹಲಸಿನ ಮರದ ಪಟ್ಟಿ ತಗೊಂಡು ಪಾಲಿಶ್ ಕಾಗದದಲ್ಲಿ ಚೆನ್ನಾಗಿ ಉಜ್ಜಿ, ಪೆನ್ಸಿಲಿನಲ್ಲಿ ಸಮ ದೂರಕ್ಕೆ ಗುರುತು ಮಾಡಿ ಚಿಕ್ಕ ತಲೆಯ ಮೊಳೆ ಹೊಡೆಯಿರಿ. ಎಲ್ಲ ಮೊಳೆಯೂ ಒಂದೇ ಎತ್ತರ ಇರಬೇಕು. ಅಡಿಕೆ ಮರ ಮನೆಯಲ್ಲೇ ಇದೆಯಲ್ಲ ಎಂದು ಅದರ ಪಟ್ಟಿ ಬಳಸಬೇಡಿ. ನಾನು ಬಳಸಿ ನೋಡಿದ್ದೇನೆ. ಅದರ ನಾರು ಎದ್ದು ಪ್ರತಿ ಸಾಲಿಗೂ ನೂಲು ಸಿಕ್ಕಿಕೊಳ್ಳುತ್ತದೆ, ಬೆರಳಿಗೂ ಚುಚ್ಚುತ್ತದೆ.

ನೂಲು ಯಾವುದು? ಉಲ್ಲನ್, ಆಕ್ರಿಲಿಕ್, ಹತ್ತಿ?

ನಮ್ಮ ಪೇಟೆಯ ಫ್ಯಾನ್ಸಿ ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಹೆಚ್ಚಾಗಿ ಆಕ್ರಿಲಿಕ್. ಅದು ಕುರಿಯ ಮೈಮೇಲೆ ಎಂದೂ ಇದ್ದದ್ದಲ್ಲ. ಬೈಗುಳ ಅಲ್ಲ ಇದು. ಆಕ್ರಿಲಿಕ್ ಅಗ್ಗ, ಬಣ್ಣ ನೂರಾರು, ಬೇಗ ಒಣಗುತ್ತದೆ, ನುಸಿ ತಿನ್ನುವುದಿಲ್ಲ. ಕಲಿಯುವವರಿಗೆ ಅದೇ ಸರಿ. ಆದರೆ ಮೈಗೆ ಗಾಳಿ ಬಿಡುವುದಿಲ್ಲ.

ನಿಜವಾದ ಉಣ್ಣೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಹಾಗಾಗಿ ಗೂಟದ ಮೇಲೆ ಕೆಲಸ ಸಲೀಸು. ಹತ್ತಿಗೆ ಆ ಗುಣ ಇಲ್ಲ. ಸ್ವಲ್ಪ ಬಿಗಿಯಾದರೂ ಕೊಕ್ಕೆ ಒಳಗೆ ಹೋಗುವುದಿಲ್ಲ, ಮಣಿಕಟ್ಟು ನೋಯುತ್ತದೆ. ಆದರೂ ನಮ್ಮ ಹವೆಗೆ ಹತ್ತಿಯಷ್ಟು ಹಿತವಾದದ್ದು ಬೇರೆ ಇಲ್ಲ. ಎರಡು ಮೂರು ಸ್ಕಾರ್ಫ್ ಮಾಡಿ ಕೈ ಸಡಿಲ ಆದ ಮೇಲೆ ಹತ್ತಿಗೆ ಬನ್ನಿ. ಹತ್ತಿ ಮತ್ತು ಆಕ್ರಿಲಿಕ್ ಬೆರೆಸಿದ ನೂಲೂ ಸಿಗುತ್ತದೆ. ನಡುವಿನ ದಾರಿ ಅದು.

ನೂಲು ಸಣ್ಣ, ಗೂಟದ ಅಂತರ ದೊಡ್ಡದು ಎಂದಾದರೆ ಬಟ್ಟೆ ಮೀನಿನ ಬಲೆ ಆಗುತ್ತದೆ. ಆಗ ಎರಡು ಎಳೆ ಒಟ್ಟಿಗೆ ಹಿಡಿಯಿರಿ, ಬೇಕಿದ್ದರೆ ಮೂರು. ಇದರಲ್ಲಿ ಒಂದು ಮಜಾ ಇದೆ. ಬೂದು ಒಂದೆಳೆ, ಹಸಿರು ಒಂದೆಳೆ ಸೇರಿಸಿದರೆ ಪಾಚಿ ಹಿಡಿದ ಮುರಕಲ್ಲಿನ ಗೋಡೆಯ ಹಾಗೆ ಕಲಸಿದ ಬಣ್ಣ ಬರುತ್ತದೆ. ಅಂಗಡಿಯಲ್ಲಿ ಅಂಥ ಬಣ್ಣ ಕೊಳ್ಳಲು ಸಿಗುವುದಿಲ್ಲ.

ಸುತ್ತುವುದು ಹೇಗೆ? ವಿಡಿಯೊದಲ್ಲಿ ಒಬ್ಬೊಬ್ಬರು ಒಂದೊಂದು ಥರ ಮಾಡುತ್ತಾರೆ.

ಒಬ್ಬರೂ ತಪ್ಪಲ್ಲ. ಮೂರು ಕಲಿತರೆ ಸಾಕು.

ಮೊದಲನೆಯದು ಈ-ರ‍್ಯಾಪ್. ನೂಲನ್ನು ಗೂಟಕ್ಕೆ ಪೂರ್ತಿ ಒಂದು ಸುತ್ತು ಹಾಕುವುದು. ಗೂಟದ ಮೇಲೆ ಎರಡು ಕುಣಿಕೆ ಆದಾಗ ಕೆಳಗಿನದನ್ನು ಕೊಕ್ಕೆಯಲ್ಲಿ ಎತ್ತಿ ಮೇಲಿಂದ ಹಿಂದಕ್ಕೆ ದಾಟಿಸಿ. ಸಡಿಲ, ಸುಲಭ. ಕುಣಿಕೆ ಸ್ವಲ್ಪ ತಿರುಚಿ ಕೂರುತ್ತದೆ, ಅದೇ ಒಂದು ಅಂದ.

ಎರಡನೆಯದು ನಿಟ್. ನೂಲನ್ನು ಸುತ್ತದೆ ಕುಣಿಕೆಯ ಮೇಲ್ಗಡೆ ಗೂಟದ ಮುಂದೆ ಸುಮ್ನೆ ಅಡ್ಡ ಇಟ್ಟು ಕೆಳಗಿನ ಕುಣಿಕೆ ದಾಟಿಸುವುದು. ನೂಲು ಕಡಿಮೆ ಸಾಕು, ಬಟ್ಟೆ ಬಿಗಿ. ತೀರಾ ಬಿಗಿ ಅನಿಸಿದರೆ ನೂಲನ್ನು ಗೂಟದ ಬೆನ್ನಿನವರೆಗೆ ಸ್ವಲ್ಪ ಬಳಸಿ ತನ್ನಿ.

ಮೂರನೆಯದು ಪರ್ಲ್. ಇದಕ್ಕೇ ಎಲ್ಲರೂ ಹೆದರುವುದು. ನೂಲನ್ನು ಕುಣಿಕೆಯ ಕೆಳಗಡೆ ಇಡಿ. ಕೊಕ್ಕೆಯನ್ನು ಮೇಲಿಂದ ಕುಣಿಕೆಯೊಳಗೆ ಇಳಿಸಿ, ಆ ನೂಲನ್ನು ಹಿಡಿದು ಮೇಲಕ್ಕೆ ಎಳೆಯಿರಿ. ಹೊಸ ಕುಣಿಕೆ ಬಂತು. ಹಳೆಯದನ್ನು ಗೂಟದಿಂದ ತೆಗೆದು, ಹೊಸದನ್ನು ಅಲ್ಲಿ ಹಾಕಿ ಮೆಲ್ಲಗೆ ಬಿಗಿ ಮಾಡಿ. ಹತ್ತು ಸಲ ಕೈ ತಪ್ಪುತ್ತದೆ, ಹನ್ನೊಂದನೆಯ ಸಲ ಬರುತ್ತದೆ.

ಪರ್ಲ್ ಬಾರದವರಿಗೆ ಟೆಕ್ಸ್ಚರ್, ಅಂದರೆ ಬಟ್ಟೆಯ ಮೇಲೆ ಎದ್ದು ಕಾಣುವ ಉಬ್ಬುತಗ್ಗು, ಇಲ್ಲ. ಹಾಗಾಗಿ ದಯವಿಟ್ಟು ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ನನ್ನ ಸ್ಕಾರ್ಫ್ ಕೊಳವೆಯ ಹಾಗೆ ಸುತ್ತಿಕೊಂಡಿದೆ. ಇಸ್ತ್ರಿ ಹಾಕಲಾ?

ಬೇಡ, ಆಕ್ರಿಲಿಕ್ ಆದರೆ ಕರಗಿ ಇಸ್ತ್ರಿ ಪೆಟ್ಟಿಗೆಗೆ ಅಂಟುತ್ತದೆ. ಬರೀ ನಿಟ್ ಅಥವಾ ಬರೀ ಈ-ರ‍್ಯಾಪ್ ಹೆಣೆದ ಬಟ್ಟೆ ಎಳೆ ಬಾಳೆಯೆಲೆಯ ಹಾಗೆ ಸುರುಳಿ ಆಗಿಯೇ ಆಗುತ್ತದೆ. ಕುಣಿಕೆಯ ಮುಂಬದಿ, ಹಿಂಬದಿ ಎಳೆತ ಒಂದೇ ಸಮ ಇಲ್ಲದ್ದೇ ಕಾರಣ. ಎರಡೂ ಬದಿಗೆ ನಾಲ್ಕು ನಾಲ್ಕು ಗೂಟ, ಶುರುವಿನಲ್ಲೂ ಕೊನೆಯಲ್ಲೂ ಐದಾರು ಸಾಲು ಗಾರ್ಟರ್ ಹಾಕಿ. ಗಾರ್ಟರ್ ಎಂದರೆ ಒಂದು ಸಾಲು ನಿಟ್, ಒಂದು ಸಾಲು ಪರ್ಲ್.

ಕಡ್ಡಿಯಲ್ಲಿ ಹೆಣೆದು ಅಭ್ಯಾಸ ಇದ್ದವರು ಇಲ್ಲಿ ಎಡವುತ್ತಾರೆ. ಕಡ್ಡಿಯಲ್ಲಿ ಪ್ರತಿ ಸಾಲಿಗೂ ಬಟ್ಟೆ ತಿರುಗಿಸುವುದರಿಂದ ಬರೀ ನಿಟ್ ಮಾಡಿದರೂ ಗಾರ್ಟರ್ ಬರುತ್ತದೆ. ಲೂಮಿನಲ್ಲಿ ಬಟ್ಟೆ ತಿರುಗುವುದಿಲ್ಲ, ಒಂದೇ ಮುಖ ಯಾವಾಗಲೂ ನಮ್ಮ ಕಡೆ. ಕಡ್ಡಿಯ ನಮೂನೆಯನ್ನು ಹಾಗೇ ಲೂಮಿಗೆ ತಂದರೆ ಕೆಡುವುದು ಇದಕ್ಕೇ.

ಟೆಕ್ಸ್ಚರ್ ಅಂದರೆ ಏನೇನು ಮಾಡಬಹುದು?

ನನಗೆ ಅತ್ಯಂತ ಇಷ್ಟದ ಪ್ರಶ್ನೆ. ಬಣ್ಣಕ್ಕೆ ದುಡ್ಡು ಬೇಕು, ಟೆಕ್ಸ್ಚರ್‌ಗೆ ತಾಳ್ಮೆ ಮಾತ್ರ ಸಾಕು.

ಲೂಮಿನಲ್ಲಿ ಒಂದು ಅನುಕೂಲ ಇದೆ. ಪ್ರತಿ ಕುಣಿಕೆಗೂ ಅದರದೇ ಗೂಟ ಇರುವುದರಿಂದ ಗೂಟಕ್ಕೇ ಒಂದು ಸ್ವಭಾವ ಕೊಡಬಹುದು. ಮೊದಲನೆಯದು ಯಾವಾಗಲೂ ನಿಟ್, ಎರಡನೆಯದು ಯಾವಾಗಲೂ ಪರ್ಲ್, ಮೂರನೆಯದು ನಿಟ್ ಎಂದು ಸ್ವಭಾವ ಬದಲಿಸದೆ ಹೋದರೆ ಉದ್ದುದ್ದ ಗೆರೆ ಬರುತ್ತದೆ. ಅದು ರಿಬ್. ಸ್ವೆಟರಿನ ತೋಳಿನ ತುದಿಯಲ್ಲಿ ಇರುತ್ತದಲ್ಲ, ಅದೇ. ಪ್ರತಿ ಗೂಟವೂ ಪ್ರತಿ ಸಾಲಿಗೂ ಸ್ವಭಾವ ಬದಲಿಸಿದರೆ, ಅಂದರೆ ಮೊದಲ ಸಾಲಿನಲ್ಲಿ ನಿಟ್ ಆದದ್ದು ಎರಡನೆಯದರಲ್ಲಿ ಪರ್ಲ್ ಆದರೆ, ಅಕ್ಕಿ ಚೆಲ್ಲಿದ ಹಾಗೆ ಸಣ್ಣ ಗುಬುಟು ಬರುತ್ತದೆ. ಅದನ್ನು ಸೀಡ್ ಸ್ಟಿಚ್ ಎನ್ನುತ್ತಾರೆ. ನಾವು ಅಕ್ಕಿಕಾಳು ಎನ್ನುತ್ತೇವೆ. ಎರಡೂ ಮುಖ ಒಂದೇ, ಸುರುಳಿ ಇಲ್ಲ. ಸ್ಕಾರ್ಫಿಗೆ ಇದಕ್ಕಿಂತ ಒಳ್ಳೆಯ ಹೆಣಿಗೆ ನನಗೆ ಗೊತ್ತಿಲ್ಲ.

ನಾಲ್ಕು ಗೂಟ ನಿಟ್, ನಾಲ್ಕು ಪರ್ಲ್, ಹೀಗೆ ಐದು ಸಾಲು. ಆಮೇಲೆ ಅದಲು ಬದಲು. ಬುಟ್ಟಿ ಹೆಣೆದ ಹಾಗೆ ಚೌಕಳಿ ಆಗುತ್ತದೆ.

ಸೆಕೆಗೆ ಹೇಳಿ ಮಾಡಿಸಿದ್ದು ತೂತಿನ ಹೆಣಿಗೆ. ಒಂದು ಗೂಟದ ಕುಣಿಕೆ ತೆಗೆದು ಪಕ್ಕದ ಗೂಟಕ್ಕೆ ಹಾಕಿ. ಅಲ್ಲಿ ಎರಡು ಕುಣಿಕೆಯನ್ನು ಒಂದೇ ಎಂದುಕೊಂಡು ಹೆಣೆಯಿರಿ. ಖಾಲಿಯಾದ ಗೂಟಕ್ಕೆ ಸುಮ್ನೆ ಒಂದು ಸುತ್ತು ನೂಲು. ಮುಂದಿನ ಸಾಲಿನಲ್ಲಿ ಅಲ್ಲಿ ಕಣ್ಣು ಬಿಟ್ಟ ಹಾಗೆ ತೂತು ಕಾಣುತ್ತದೆ. ಆರು ಗೂಟಕ್ಕೊಂದು ತೂತು, ಆರು ಸಾಲಿಗೊಮ್ಮೆ, ಒಂದು ಬಿಟ್ಟು ಒಂದು ಜಾಗದಲ್ಲಿ ಹಾಕಿದರೆ ಹತ್ತಿ ಶಾಲು ಹೊದ್ದದ್ದೇ ಗೊತ್ತಾಗುವುದಿಲ್ಲ.

ಇನ್ನೂ ಸುಲಭ ಬೇಕಾ? ಹತ್ತು ಸಾಲಿಗೊಮ್ಮೆ ಪ್ರತಿ ಗೂಟಕ್ಕೂ ಎರಡು ಮೂರು ಸುತ್ತು ಹೆಚ್ಚು ಹಾಕಿ, ಕೆಳಗಿನ ಕುಣಿಕೆ ದಾಟಿಸಿ, ಹೆಚ್ಚಿನ ಸುತ್ತನ್ನು ಬಿಚ್ಚಿಬಿಡಿ. ಆ ಸಾಲು ಜಾಲರಿಯ ಹಾಗೆ ಉದ್ದಕ್ಕೆ ನಿಲ್ಲುತ್ತದೆ. ಜಡೆಯ ಹಾಗೆ ಕಾಣುವ ಕೇಬಲ್ ಕೂಡ ಆಗುತ್ತದೆ. ಎರಡೆರಡು ಕುಣಿಕೆಯನ್ನು ಅತ್ತಿಂದಿತ್ತ ಗೂಟ ಬದಲಿಸುವುದು ಅಷ್ಟೇ. ಆದರೆ ಕೇಬಲ್ ದಪ್ಪ ಆಗುತ್ತದೆ. ನಮ್ಮ ಊರಿಗೆ ನಾನು ಹಾಕುವುದಿಲ್ಲ.

ಬಣ್ಣ ಆರಿಸುವುದು ಹೇಗೆ? ಅಂಗಡಿಯಲ್ಲಿ ಎಲ್ಲವೂ ಚೆಂದ, ಹೆಣೆದ ಮೇಲೆ ಗಿಜಿಗಿಜಿ.

ಏಳು ಬಣ್ಣ ತಂದರೆ ಗಿಜಿಗಿಜಿ ಆಗದೆ ಇನ್ನೇನು! ಮೂರು ಸಾಕು. ಸೀರೆಯ ಲೆಕ್ಕ ಇಟ್ಟುಕೊಳ್ಳಿ: ಒಂದು ಒಡಲು, ಒಂದು ಅಂಚು, ಒಂದು ಸೆರಗು. ಒಡಲಿನ ಬಣ್ಣ ಅರ್ಧಕ್ಕಿಂತ ಜಾಸ್ತಿ ಇರಲಿ. ಅಂಚಿನದು ಅದರ ಅರ್ಧ. ಸೆರಗಿನದು ಚೂರೇ ಚೂರು, ಆದರೆ ಕಣ್ಣಿಗೆ ಹೊಡೆಯುವಂಥದ್ದು.

ಬಣ್ಣ ಹುಡುಕಿಕೊಂಡು ಮಂಗಳೂರಿಗೆ ಹೋಗುವ ಮೊದಲು ಅಂಗಳಕ್ಕೆ ಇಳಿಯಿರಿ. ಹಣ್ಣಡಿಕೆ ರಾಶಿ ನೋಡಿ. ಹಸಿರು ಬಿಡುತ್ತಿರುವ ಹಳದಿ, ಅದರ ಪಕ್ಕ ಕಿತ್ತಳೆ, ನಡುವೆ ಒಣಗಿದ ಸಿಪ್ಪೆಯ ಕಂದು. ಗೇರುಹಣ್ಣಿನ ಕೆಂಪು ಹಳದಿಯ ತುದಿಗೆ ಬೀಜದ ಬೂದು. ಜೂನ್ ತಿಂಗಳ ಮುರಕಲ್ಲು: ಒದ್ದೆ ಕೆಂಪು, ಪಾಚಿ ಹಸಿರು, ಮೇಲೆ ಮೋಡದ ಬಣ್ಣ. ನಮ್ಮಲ್ಲಿ ಬರುವ ಒಬ್ಬ ಅಕ್ಕ ಯಕ್ಷಗಾನದ ವೇಷ ನೋಡಿ ಕೆಂಪು, ಕಪ್ಪು, ಹಳದಿಯ ಪಟ್ಟೆಶಾಲು ಮಾಡಿದರು. ವೇಷ ಕಟ್ಟುವ ಚೌಕಿಯಿಂದ ಕದ್ದು ತಂದದ್ದಾ ಎಂದು ಎಲ್ಲರೂ ನಗೆಯಾಡಿದರು. ಆದರೆ ಆ ದಿನ ಎಲ್ಲರ ಕಣ್ಣೂ ಅದರ ಮೇಲೆಯೇ.

ಇನ್ನೊಂದು ಉಪಾಯ. ಆರಿಸಿದ ಉಂಡೆಗಳನ್ನು ಒಟ್ಟಿಗೆ ಇಟ್ಟು ಫೋನಿನಲ್ಲಿ ಕಪ್ಪು-ಬಿಳಿ ಫೋಟೊ ತೆಗೆಯಿರಿ. ಎರಡು ಬಣ್ಣ ಒಂದೇ ಬೂದು ಕಂಡರೆ ಹೆಣೆದ ಮೇಲೆ ಒಂದಕ್ಕೊಂದು ಕರಗಿಹೋಗುತ್ತವೆ. ಕೆಂಪು ಮತ್ತು ಹಸಿರು ಹೀಗೆ ಮೋಸ ಮಾಡುವುದು ಜಾಸ್ತಿ.

ಇಲ್ಲಿ ನನ್ನ ಒಂದು ಹಟ ಹೇಳಿಬಿಡುತ್ತೇನೆ. ಬಣ್ಣ ಮಾತಾಡುವಾಗ ಹೆಣಿಗೆ ಸುಮ್ಮನಿರಬೇಕು, ಹೆಣಿಗೆ ಮಾತಾಡುವಾಗ ಬಣ್ಣ ಸುಮ್ಮನಿರಬೇಕು. ಒಂದೇ ಉಂಡೆಯಲ್ಲಿ ಐದಾರು ಬಣ್ಣ ಇರುವ ನೂಲಿನಲ್ಲಿ ಕಷ್ಟಪಟ್ಟು ತೂತಿನ ನಮೂನೆ ಹಾಕಿದರೆ ಆ ತೂತು ಯಾರಿಗೂ ಕಾಣುವುದಿಲ್ಲ. ಅಂಥ ನೂಲಿಗೆ ಬರೀ ಗಾರ್ಟರ್ ಸಾಕು. ಅಕ್ಕಿಕಾಳು, ಬುಟ್ಟಿ, ಕೇಬಲ್ ಹಾಕುವುದಾದರೆ ತಿಳಿ ಬಣ್ಣದ ಒಂದೇ ನೂಲು ತಗೊಳ್ಳಿ. ಕಪ್ಪು, ಕಡುನೀಲಿಯಲ್ಲಿ ನೆರಳು ಬೀಳುವುದಿಲ್ಲ, ಗುಬುಟು ಮುಚ್ಚಿಹೋಗುತ್ತದೆ. ಜಗಲಿಯಲ್ಲಿ ಇದಕ್ಕೆ ಒಪ್ಪದವರೂ ಇದ್ದಾರೆ. ಅವರ ಶಾಲು ಅವರು ಹೊದೆಯಲಿ.

ಪಟ್ಟೆ ಬದಲಿಸುವಾಗ ಪ್ರತಿ ಸಲ ನೂಲು ಕತ್ತರಿಸಬೇಕಾ?

ಪಟ್ಟೆ ಚಿಕ್ಕದಾದರೆ ಬೇಡ. ಬಿಟ್ಟ ನೂಲನ್ನು ಅಂಚಿನ ಗೂಟದ ಹತ್ತಿರ ತೂಗಾಡಲು ಬಿಡಿ. ಎರಡು ಸಾಲಿಗೊಮ್ಮೆ ಹೆಣೆಯುವ ನೂಲಿಗೆ ಅದನ್ನು ಒಂದು ತಿರುವು ಹಾಕಿಕೊಂಡು ಮೇಲಕ್ಕೆ ತನ್ನಿ. ಆರೆಂಟು ಸಾಲಿಗಿಂತ ದೊಡ್ಡ ಪಟ್ಟೆಯಾದರೆ ಕತ್ತರಿಸುವುದೇ ವಾಸಿ. ಒಂದು ಗೇಣು ಬಾಲ ಬಿಡಿ, ಆಮೇಲೆ ಸೂಜಿಯಲ್ಲಿ ಹಿಂಬದಿಗೆ ಹೊಗಿಸಬಹುದು. ಸಾಲುಗಳು ಎರಡರ ಲೆಕ್ಕದಲ್ಲಿ ಇದ್ದರೆ ಎರಡೂ ನೂಲು ಒಂದೇ ಅಂಚಿನಲ್ಲಿ ಸಿಗುತ್ತವೆ. ಮೂರು ಸಾಲಿನ ಪಟ್ಟೆ ಹಾಕಿ, ನೂಲು ಆಚೆ ತುದಿಯಲ್ಲಿ ಉಳಿದುಹೋಯಿತು ಎಂದು ಕೂಗುವವರು ವಾರಕ್ಕೊಬ್ಬರಾದರೂ ಇರುತ್ತಾರೆ.

ಒಂದೇ ಸಾಲಿನಲ್ಲಿ ಎರಡು ಬಣ್ಣ ಹೇಗೆ?

ಸುಲಭದ್ದು ಗೂಟ ಬಿಟ್ಟು ಹೆಣೆಯುವುದು. ಎರಡು ಸಾಲು ಕೆಂಪು ಹೆಣೆಯಿರಿ. ಆಮೇಲೆ ಹಳದಿ ನೂಲಿನಲ್ಲಿ ಎರಡು ಸಾಲು, ಆದರೆ ಪ್ರತಿ ನಾಲ್ಕನೆಯ ಗೂಟ ಬಿಟ್ಟುಬಿಡಿ. ನೂಲು ಆ ಗೂಟದ ಹಿಂದಿನಿಂದ ಹೋಗಲಿ. ಬಿಟ್ಟಲ್ಲಿ ಕೆಳಗಿನ ಕೆಂಪು ಕುಣಿಕೆ ಉದ್ದಕ್ಕೆ ಎದ್ದು ಹಳದಿಯ ಮೇಲೆ ಚುಕ್ಕಿ ಇಟ್ಟ ಹಾಗೆ ಕಾಣುತ್ತದೆ. ಕೈಯಲ್ಲಿ ಒಂದು ಸಲಕ್ಕೆ ಒಂದೇ ನೂಲು, ಗೋಜಲಿಲ್ಲ.

ಎರಡೂ ನೂಲು ಒಟ್ಟಿಗೆ ಹಿಡಿದು ಚಿತ್ರ ಬಿಡಿಸಬಹುದು. ಆದರೆ ಸುಮ್ಮನಿರುವ ನೂಲು ಹಿಂಬದಿಯಲ್ಲಿ ಉದ್ದಕ್ಕೆ ಜೋತುಬೀಳುತ್ತದೆ. ಮೂರು ನಾಲ್ಕು ಗೂಟ ದಾಟಿತು ಎಂದರೆ ಬಳೆ, ಉಂಗುರ ಎಲ್ಲ ಸಿಕ್ಕಿಕೊಳ್ಳುತ್ತದೆ. ಶಾಲಿಗೆ ಹಿಂಬದಿಯೂ ಕಾಣುವುದರಿಂದ ನಾನು ಇದನ್ನು ಟೊಪ್ಪಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಎಷ್ಟು ಅಗಲ, ಎಷ್ಟು ಉದ್ದ? ಎಷ್ಟು ಗೂಟ ಬೇಕು?

ಸ್ಕಾರ್ಫಿಗೆ 15ರಿಂದ 20 ಸೆಂಟಿಮೀಟರ್ ಅಗಲ, 150ರಿಂದ 180 ಉದ್ದ. ಶಾಲಿಗೆ 50ರಿಂದ 60 ಅಗಲ. ಹೊದೆಯುವವರ ಎತ್ತರಕ್ಕೆ ಸಮ ಉದ್ದ ಇದ್ದರೆ ಸ್ಕಾರ್ಫ್ ಸರಿಯಾಗುತ್ತದೆ ಎಂಬುದು ಹಳೆಯ ಅಂದಾಜು.

ಗೂಟದ ಲೆಕ್ಕಕ್ಕೆ ಮೊದಲು ತುಂಡು ಹೆಣೆದು ನೋಡಲೇಬೇಕು. ಯಾರೂ ಮಾಡುವುದಿಲ್ಲ, ಆಮೇಲೆ ಎಲ್ಲರೂ ಅಳುತ್ತಾರೆ. ಹತ್ತು ಗೂಟದಲ್ಲಿ ಹದಿನೈದು ಸಾಲು ಹೆಣೆದು, ತೆಗೆದು, ಒಗೆದು, ಒಣಗಿಸಿ ಅಳೆಯಿರಿ. 12 ಸೆಂಟಿಮೀಟರ್ ಬಂತು ಎನ್ನಿ. ಆಗ ಒಂದು ಗೂಟಕ್ಕೆ 1.2. ಸ್ಕಾರ್ಫಿಗೆ 18 ಸೆಂಟಿಮೀಟರ್ ಬೇಕಾದರೆ 15 ಗೂಟ. ಶಾಲಿಗೆ 50 ಬೇಕಾದರೆ 42 ಗೂಟ. 41 ಗೂಟದ ಬಳೆ ಇದ್ದವರು ಒಂದು ಗೂಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇನ್ನೂ ಅಗಲ ಬೇಕಿದ್ದರೆ ಎರಡು ಪಟ್ಟಿ ಹೆಣೆದು ಜೋಡಿಸಿ ಹೊಲಿಯಿರಿ. ಜೋಡಿಸುವ ಜಾಗಕ್ಕೆ ಬೇರೆ ಬಣ್ಣದ ನೂಲು ಹಾಕಿದರೆ ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ.

ದಪ್ಪ ನೂಲಿನ ಒಂದು ಸ್ಕಾರ್ಫಿಗೆ ನನಗೆ 200 ಗ್ರಾಂ ಹತ್ತಿರ ಬೇಕಾಗುತ್ತದೆ. ಈ-ರ‍್ಯಾಪ್ ಆದರೆ ಸ್ವಲ್ಪ ಜಾಸ್ತಿ. ಒಂದು ಉಂಡೆ ಹೆಚ್ಚಿಗೆ ತನ್ನಿ, ಚೀಟಿಯ ಮೇಲಿನ ಲಾಟ್ ನಂಬರ್ ಎಲ್ಲದರಲ್ಲೂ ಒಂದೇ ಇದೆಯಾ ನೋಡಿ. ಅದು ಬೇರೆಯಾದರೆ ಅದೇ ಕೆಂಪು ಬೇರೆ ಕೆಂಪಾಗಿ ಬರುತ್ತದೆ.

ತ್ರಿಕೋನ ಶಾಲು ಲೂಮಿನಲ್ಲಿ ಆಗುತ್ತದಾ?

ಆಗುತ್ತದೆ, ಅಡ್ಡಲಾಗಿ ಹೆಣೆಯಬೇಕು. ಮೂರು ಗೂಟದಿಂದ ಶುರು ಮಾಡಿ. ಗಾರ್ಟರ್ ಹೆಣಿಗೆ. ಹೋಗಿ ಬಂದು ಎರಡು ಸಾಲಾದಾಗ ಒಂದೇ ಬದಿಯಲ್ಲಿ ಒಂದು ಹೊಸ ಗೂಟಕ್ಕೆ ಸುತ್ತು ಹಾಕಿ. ಇನ್ನೊಂದು ಬದಿ ನೇರ ಇರಲಿ. 3ರಿಂದ 41ಕ್ಕೆ ಹೋಗಲು 38 ಸಲ ಹೆಚ್ಚಿಸಬೇಕು, ಅಂದರೆ 76 ಸಾಲು. ಆಮೇಲೆ ಅದೇ ಬದಿಯಲ್ಲಿ ಎರಡು ಸಾಲಿಗೊಮ್ಮೆ ಕೊನೆಯ ಕುಣಿಕೆಯನ್ನು ಪಕ್ಕದ ಗೂಟಕ್ಕೆ ಸೇರಿಸಿ ಕಡಿಮೆ ಮಾಡುತ್ತಾ ಮೂರಕ್ಕೆ ಬನ್ನಿ. ಇನ್ನೊಂದು 76. ನೇರ ಬದಿ ಕುತ್ತಿಗೆಗೆ, ಮೂಲೆ ಬೆನ್ನಿಗೆ. ಹತ್ತು ಸಾಲಿಗೆ 8 ಸೆಂಟಿಮೀಟರ್ ಬರುವ ಕೈಯಾದರೆ ಉದ್ದ ಸುಮಾರು 120 ಸೆಂಟಿಮೀಟರ್, ಭುಜ ಮುಚ್ಚಲು ಸಾಕು. ಇನ್ನೂ ಉದ್ದ ಬೇಕಾದರೆ ಮೂರು ಸಾಲಿಗೊಮ್ಮೆ ಎಂದು ಹೊರಡಬೇಡಿ. ಬದಿ ತಪ್ಪುತ್ತದೆ. ನಾಲ್ಕು ಸಾಲಿಗೊಮ್ಮೆ ಹೆಚ್ಚಿಸಿ.

ನಡುವೆ ಒಂದು ಕುಣಿಕೆ ಜಾರಿಹೋಯಿತು. ಎಲ್ಲ ಬಿಚ್ಚಬೇಕಾ?

ಬೇಡ. ಜಾರಿದ ಕಡೆ ಏಣಿಯ ಹಾಗೆ ಅಡ್ಡ ಎಳೆಗಳು ಕಾಣುತ್ತವೆ. ಕ್ರೋಶಾ ಕಡ್ಡಿಯಲ್ಲಿ ಕೆಳಗಿನ ಕುಣಿಕೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿ ಗೂಟಕ್ಕೆ ತಲುಪಿಸಿ. ಮಕ್ಕಳು, ಬೆಕ್ಕು ಇರುವ ಮನೆಯಲ್ಲಿ ಎದ್ದು ಹೋಗುವ ಮೊದಲು ಗೂಟಗಳ ಮೇಲೆ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿಡಿ.

ಮುಗಿಸುವಾಗ ತುದಿ ಸುಕ್ಕಾಗುತ್ತದೆ, ಯಾಕೆ?

ಬಿಗಿ ಎಳೆದದ್ದಕ್ಕೆ. ಟೊಪ್ಪಿಯ ಹಾಗೆ ನೂಲು ಪೋಣಿಸಿ ಎಳೆಯುವುದು ಶಾಲಿಗೆ ಆಗದು. ಒಂದು, ಎರಡು ಗೂಟ ಹೆಣೆಯಿರಿ. ಎರಡನೆಯ ಕುಣಿಕೆಯನ್ನು ಮೊದಲನೆಯ ಗೂಟಕ್ಕೆ ತಂದು, ಕೆಳಗಿನದನ್ನು ಅದರ ಮೇಲಿಂದ ದಾಟಿಸಿ. ಉಳಿದದ್ದನ್ನು ಖಾಲಿಯಾದ ಎರಡನೆಯ ಗೂಟಕ್ಕೆ ವಾಪಸ್ ಹಾಕಿ, ಮೂರನೆಯದನ್ನು ಹೆಣೆಯಿರಿ. ಹೀಗೇ ಕೊನೆಯವರೆಗೆ, ಕೈ ಸಡಿಲ ಬಿಟ್ಟು.

ಕುಚ್ಚು ಹಾಕಲಾ?

ಸ್ಕಾರ್ಫಿಗೆ ಹಾಕಿ. 25 ಸೆಂಟಿಮೀಟರ್ ಉದ್ದದ ನಾಲ್ಕು ಎಳೆ ಮಡಚಿ, ತುದಿಯ ಕುಣಿಕೆಯಲ್ಲಿ ತೂರಿಸಿ ಬಿಗಿಯಿರಿ. ಸೀರೆ ಕುಚ್ಚು ಕಟ್ಟುವವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಮಗು ಇರುವ ಮನೆಗೆ ಕೊಡುವ ಶಾಲಿಗೆ ಬೇಡ, ಎಲ್ಲ ಬಾಯಿಗೆ ಹೋಗುತ್ತದೆ.

ಮನೆಯಲ್ಲೇ ಬಣ್ಣ ಹಾಕಬಹುದಾ?

ಹತ್ತಿ, ಉಣ್ಣೆಗೆ ಆಗುತ್ತದೆ. ಆಕ್ರಿಲಿಕ್‌ಗೆ ಗಿಡದ ಬಣ್ಣ ಹಿಡಿಯುವುದಿಲ್ಲ. ಅರಸಿನ ಚೆನ್ನಾಗಿ ಹತ್ತುತ್ತದೆ, ಬಿಸಿಲಿಗೆ ಅಷ್ಟೇ ಬೇಗ ಓಡಿಹೋಗುತ್ತದೆ. ದಾಳಿಂಬೆ ಸಿಪ್ಪೆ ಪಟಿಕದ ಜೊತೆ ಒಳ್ಳೆಯ ಹಳದಿ ಕೊಡುತ್ತದೆ, ನಿಲ್ಲುತ್ತದೆ ಕೂಡ. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನ ಕೆಂಪು ಕಂದು ನನಗೆ ತುಂಬ ಇಷ್ಟ. ಆದರೆ ನಾವು ಅಡಿಕೆ ಒಣಗಿಸಿ ಚಾಲಿ ಮಾಡುವವರು. ಚೊಗರು ಬೇಕಾದರೆ ಮಲೆನಾಡಿನಲ್ಲಿ ಕೆಂಪಡಿಕೆ ಬೇಯಿಸುವ ನೆಂಟರನ್ನು ಹುಡುಕಬೇಕು.

ಒಗೆಯುವುದು, ಒಣಗಿಸುವುದು, ಮಳೆಗಾಲದಲ್ಲಿ ಇಡುವುದು ಹೇಗೆ?

ನನ್ನ ಮೊದಲ ಹತ್ತಿ ಶಾಲನ್ನು ಒಗೆದು ನೀರು ಸೋರುತ್ತಿರುವಾಗಲೇ ಹಗ್ಗಕ್ಕೆ ನೇತುಹಾಕಿದೆ. ಸಂಜೆ ತೆಗೆದಾಗ ಒಂದು ಗೇಣು ಉದ್ದ ಆಗಿತ್ತು, ಅಗಲ ಕಮ್ಮಿ. ಒದ್ದೆ ಹತ್ತಿ ತನ್ನ ಭಾರಕ್ಕೆ ತಾನೇ ಎಳೆದುಕೊಳ್ಳುತ್ತದೆ. ಈಗ ಬೈರಾಸಿನಲ್ಲಿ ಸುತ್ತಿ ನೀರು ಹಿಂಡಿ, ಚಾಪೆಯ ಮೇಲೆ ಹರಡಿ, ಕೈಯಲ್ಲಿ ಅಳತೆಗೆ ತಂದು ಒಣಗಿಸುತ್ತೇನೆ. ಉಣ್ಣೆಗೆ ಬಿಸಿನೀರು ಹಾಕಬೇಡಿ, ಉಜ್ಜಲೂ ಬೇಡಿ. ಕುಗ್ಗಿ ಕಂಬಳಿ ಆಗುತ್ತದೆ. ಕೆಂಪು, ಕಪ್ಪು ಇದ್ದರೆ ಮೊದಲ ಸಲ ಬೇರೆಯೇ ಒಗೆಯಿರಿ.

ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಮ್ಮ ಶಾಲುಗಳೂ ಒಳಗೆ ಹೋಗಬೇಕು. ಬಿಸಿಲಿಗೆ ಎರಡು ದಿನ ಇಟ್ಟು, ಬಿಸಿ ಆರಿದ ಮೇಲೆ ಮಡಚಿ, ಹಳೆಯ ಹತ್ತಿ ಸೀರೆಯಲ್ಲಿ ಕಟ್ಟಿ ಡಬ್ಬಿಯಲ್ಲಿಡಿ. ಚೂರು ಒದ್ದೆ ಉಳಿದರೂ ಕರಿ ಬೂಸ್ಟು ಚುಕ್ಕಿ ಬರುತ್ತದೆ, ಅದು ಹೋಗುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೂಸ್ಟು ಬರುವುದಿಲ್ಲ ನಿಜ, ಆದರೆ ನವೆಂಬರಿನಲ್ಲಿ ಆಟಕ್ಕೆ ಹೋದಾಗ ಪಕ್ಕದಲ್ಲಿ ಕೂತವರು ಹಪ್ಪಳ ಸುಡುತ್ತಿದ್ದಾರಾ ಎಂದು ತಿರುಗಿ ನೋಡುತ್ತಾರೆ.

ಮಾರಬಹುದಾ?

ಮಾರಬಹುದು. ನೂಲಿನ ದುಡ್ಡು ಬರುತ್ತದೆ, ಕೈಯ ಕೂಲಿ ಬರುವುದು ಕಷ್ಟ. ಒಂದು ಅಕ್ಕಿಕಾಳು ಸ್ಕಾರ್ಫಿಗೆ ನನಗೆ ಎಂಟು ಗಂಟೆ ಬೇಕು. ಒಮ್ಮೆ ಪೇಟೆಯ ಒಂದು ಅಂಗಡಿಗೆ ಆರು ಸ್ಕಾರ್ಫ್ ಕೊಟ್ಟೆ. ಮೂರು ತಿಂಗಳು ಬಿಟ್ಟು ಹೋದರೆ ಗಾಜಿನ ಹಿಂದೆ ಬಿಸಿಲಿಗೆ ಬಣ್ಣ ಹೋಗಿತ್ತು, ಒಂದೂ ಮಾರಿರಲಿಲ್ಲ. ಅದರ ನಂತರ ಕೇಳಿದವರಿಗೆ ಮಾತ್ರ, ಅವರು ಹೇಳಿದ ಬಣ್ಣದಲ್ಲಿ, ಅರ್ಧ ದುಡ್ಡು ಮೊದಲೇ ತಗೊಂಡು ಮಾಡುತ್ತೇನೆ. ಅತ್ತೆಗೆ ಮಾತ್ರ ಸಾಲ. ಕಳೆದ ವಾರ ಇನ್ನೊಂದು ಕೇಳಿದ್ದಾರೆ, ಈ ಸಲ ಹಣ್ಣಡಿಕೆಯ ಬಣ್ಣ ಬೇಕಂತೆ.